ಬಾಣಂತಿಗೆ ಓದಿಸಬೇಕಾದ ಪುಸ್ತಕಗಳು

ನನಗೆ ಮೊಮ್ಮಗಳು ಹುಟ್ಟಿದಳು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆಗಷ್ಟೇ ಹುಟ್ಟಿದ ಕೂಸುಗಳೆಲ್ಲ ಕೆಂಪಗೆ, ಸುಕ್ಕುಸುಕ್ಕಾಗಿ ಒಂದೇ ತೆರನಾಗಿ ಇರುತ್ತವೆ ಎನ್ನುವವರು ನಮ್ಮ ಕೂಸನ್ನು ನೋಡಿಲ್ಲ. ಇದರ ಮೂಗು ಹುಟ್ಟಿದ ದಿನವೇ ಮೂಗಿನಂತೆ ಇತ್ತು. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಅರಳೆಯ ದಲಾಲಿ ಮಾಡುತ್ತಿದ್ದವರು, ಹತ್ತಿಯ ಚೀಲಕ್ಕೆ ಕೈ ಹಾಕಿ ಕಣ್ಣು ಮುಚ್ಚಿ ಧಾರಣೆ ಹೇಳುವವರು. ಅವರು ಆ ದಿನ ಪೇಟೆಯ ತುಂಬ ಸಕ್ಕರೆ ಹಂಚಿದರು. ಗಂಡೋ ಹೆಣ್ಣೋ ಎಂದು ಕೇಳಿದವರಿಗೆ ಮೊಮ್ಮಗಳು ಎಂದು ಹೇಳಿದರೆ, "ಇರ್ಲಿ ಬಿಡ್ರಿ, ಮುಂದಿಂದು ಗಂಡಾದೀತು" ಎಂದು ಸಮಾಧಾನ ಮಾಡಿದರಂತೆ. ಅಂಥವರ ಕೈಯಿಂದ ಸಕ್ಕರೆ ತಿರುಗಿ ಇಸಿದುಕೊಳ್ಳದೆ ಬಂದದ್ದು ನಮ್ಮವರ ದೊಡ್ಡತನ.

ಆಗ ನಮ್ಮ ಮನೆ ಕಮರಿಪೇಟೆಯಲ್ಲಿತ್ತು. ಮಗಳನ್ನು ಧಾರವಾಡಕ್ಕೆ ಕೊಟ್ಟಿದ್ದೆವು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನ್ನ ಸಾಲಿ ಎರಡನೆಯ ಇಯತ್ತೆಗೇ ಮುಗಿದಿತ್ತು. ಮಗಳು ಮಾತ್ರ ಏಳನೆಯದನ್ನು ಮುಗಿಸಿದವಳು. ಮುಗಿಸಿದಳು ಎಂದು ಹೇಳುವುದು ನಮ್ಮ ಸಮಾಧಾನಕ್ಕೆ, ಓದನ್ನು ಅವಳು ಎಲ್ಲಿಯೂ ಮುಗಿಸಲಿಲ್ಲ. ಅಂಗಡಿಯಿಂದ ಬೆಲ್ಲ ತಂದರೆ ಕಟ್ಟಿದ ಕಾಗದವನ್ನು ಬಿಚ್ಚಿ ಮೊದಲು ಅದನ್ನು ಓದುತ್ತಿದ್ದಳು, ಬೆಲ್ಲ ಇರುವೆಗಳ ಪಾಲಾಗುತ್ತಿತ್ತು. ಹೆರಿಗೆಗೆ ಬರುವಾಗ ಟ್ರಂಕಿನಲ್ಲಿ ಕೂಸಿನ ಕುಂಚಿಗೆಗಳ ಕೆಳಗೆ ಒಂದು ಪತ್ತೇದಾರಿ ಕಾದಂಬರಿಯ ಮೂರು ಭಾಗಗಳನ್ನು ತಂದಿದ್ದಳು. ಒಬ್ಬ ದೇಸಾಯಿ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿರುತ್ತಾನೆ. ಕಾರಭಾರಿಯ ಮೇಲೆ ಗುಮಾನಿ, ಎರಡನೆಯ ಹೆಂಡತಿಯ ಮೇಲೆ ಗುಮಾನಿ, ಆಕೆಯ ಅಣ್ಣನ ಮೇಲೆ ಗುಮಾನಿ. ಮೂರನೆಯ ಭಾಗದ ಕೊನೆಗೆ ಪತ್ತೇದಾರ ಎಲ್ಲರನ್ನೂ ಒಂದು ಕಡೆ ಕೂಡಿಸಿ, ಹಚ್ಚಿಕೊಂಡಿದ್ದ ಸುಳ್ಳು ಗಡ್ಡ ಕಿತ್ತೆಸೆದು, ಕೊಂದವರ ಹೆಸರು ಹೇಳಲು ಬಾಯಿ ತೆರೆಯುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ಅಲ್ಲಿಗೇ ನನ್ನ ಮಗಳಿಗೆ ಬೇನೆ ಶುರುವಾಯಿತು. ಸೂಲಗಿತ್ತಿ ಬಂದು ಕೈ ಹಿಡಿದರೂ ಇವಳು ಆ ಕೊನೆಯ ಪುಟವನ್ನು ಎರಡನೆಯ ಸಲ ಓದುತ್ತಿದ್ದಳು, ಎಲ್ಲಿಯಾದರೂ ಸುಳಿವು ಸಿಕ್ಕೀತೆಂದು.

ನಮ್ಮ ಅತ್ತೆ ಆಗ ಇನ್ನೂ ಗಟ್ಟಿಯಾಗಿದ್ದರು. ಬಾಣಂತಿ ಕೋಣೆ ಅವರ ಸಂಸ್ಥಾನ. ಹೊರಸಿನ ಕೆಳಗೆ ಕೆಂಡ, ಕಿಟಕಿಗೆ ಗೋಣಿತಟ್ಟು, ತಲೆಗೆ ದಪ್ಪ ಅರಿವೆ, ಎರಡೂ ಕಿವಿಗಳಿಗೆ ಗಿಡಿದು ತುಂಬಿದ ಅರಳೆ. ಅರಳೆಗೆ ನಮ್ಮ ಮನೆಯಲ್ಲಿ ಏನು ಕಡಿಮೆ, ಒಳ್ಳೆಯ ಉದ್ದ ಎಳೆಯ ಮಾಲನ್ನೇ ತುಂಬಿದ್ದರು. ಕಿವಿಗೆ ಗಾಳಿ ಹೊಕ್ಕರೆ ಮುಪ್ಪಿನಲ್ಲಿ ಕಿವುಡು, ಬಾಣಂತನದಲ್ಲಿ ಅಕ್ಷರ ನೋಡಿದರೆ ಕಣ್ಣು ಮಂಜು. ಮೂರು ಭಾಗಗಳೂ ಅತ್ತೆಯ ಸಂದೂಕ ಸೇರಿದವು.

ಮಗಳು ಮೆತ್ತಗಾದಳು. ಇಂಥ ಕೂಸು ಮಗ್ಗುಲಲ್ಲಿದ್ದರೂ ಅದಕ್ಕೆ ಹಾಲು ಕುಡಿಸಿ ಗೋಡೆಯ ಕಡೆ ಹೊರಳುತ್ತಿದ್ದಳು. ಅಳ್ವಿ ಪಾಯಸ ಮಾಡಿಕೊಟ್ಟೆ, ಅಂಟಿನುಂಡೆ ಮಾಡಿಕೊಟ್ಟೆ. ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ಬಾಣಂತಿ ಉಣ್ಣದೆ ಹೋದರೆ ಏನೇನು ಆಗುತ್ತದೆಂದು ನಾನು ನನ್ನ ಓಣಿಯಲ್ಲೇ ನೋಡಿದ್ದೆ. ಏನು ಬೇಕೆಂದು ಕೈಸನ್ನೆಯಲ್ಲಿ ಕೇಳಿದರೆ ಅವಳದು ಒಂದೇ ಮಾತು.

"ಅಂವನ್ನ ಕೊಂದಾವ್ರು ಯಾರವ್ವಾ?"

ನಾಲ್ಕನೆಯ ಭಾಗ ತಂದುಕೊಡಿ ಎಂದು ಯಜಮಾನರ ಬೆನ್ನು ಹತ್ತಿದೆ. ಅವರು ವಾಚನಾಲಯಕ್ಕೆ ಹೋಗಿ ನೋಡಿದರು. ಮೊದಲ ಮೂರು ಭಾಗಗಳು ಕಪಾಟಿನಲ್ಲಿ ಇದ್ದವು, ನಾಲ್ಕನೆಯದನ್ನು ಯಾರೋ ಒಯ್ದವರು ತಿರುಗಿ ಕೊಟ್ಟಿರಲಿಲ್ಲ. ಬರಿಗೈಯಲ್ಲಿ ಬರಬೇಕಿದ್ದ ಮನುಷ್ಯ ಸುಮ್ಮನೆ ಬರಬೇಕೋ ಬೇಡವೋ. ಮೊಮ್ಮಗಳ ಸಂತೋಷದಲ್ಲಿ ಕಂಡಕಂಡವರ ಮುಂದೆ, ನಮ್ಮ ಬಾಣಂತಿಗೆ ಪುಸ್ತಕ ಅಂದರೆ ಪ್ರಾಣ, ಛಲೋ ಪುಸ್ತಕ ಇದ್ದರೆ ಹೇಳಿರಿ ಎಂದು ಅಂದುಬಂದರು. ಯಾವ ಪುಸ್ತಕವೆಂದು ಹೇಳಲು ನಾಚಿಕೆಯಾಯಿತಂತೆ.

ಅಲ್ಲಿಂದ ಶುರುವಾಯಿತು ನೋಡಿ. ಊರಿನಲ್ಲಿ ಯಾರಿಗಾದರೂ ಜಡ್ಡಾದರೆ ಎಲ್ಲರೂ ಔಷಧ ಹೇಳುತ್ತಾರೆ, ಓದುವವರು ಸಿಕ್ಕರೆ ಎಲ್ಲರೂ ಪುಸ್ತಕ ಹೇಳುತ್ತಾರೆ. ಎರಡರಲ್ಲೂ ತಾವು ನುಂಗಿ ನೋಡಿದ್ದನ್ನು ಹೇಳುವವರು ಕಡಿಮೆ.

ಮೊದಲು ಬಂದವರು ಎದುರು ಮನೆಯ ವಕೀಲರು. ತೋಳಿನಲ್ಲಿ ನಮ್ಮ ಕೂಸಿಗಿಂತ ತೂಕವಾದ ಒಂದು ಗ್ರಂಥ, ಯಾವುದೋ ದೇಶದ ರಾಜ್ಯಗಳು ಬಿದ್ದ ಚರಿತ್ರೆ. "ಬುದ್ಧಿ ಬೆಳೀಬೇಕಂದ್ರ ಇದ ನೋಡ್ರಿ, ಉಳದದ್ದೆಲ್ಲಾ ಕಸಾ" ಎಂದರು. ಪುಟಗಳ ಅಂಚನ್ನು ಇನ್ನೂ ಯಾರೂ ಕತ್ತರಿಸಿರಲಿಲ್ಲ, ಹೊಲಿದ ಚೀಲದಂತೆ ಕೂಡಿಕೊಂಡಿದ್ದವು. ಓದಬೇಕೆಂದರೆ ನಮ್ಮ ಮನೆಯ ಈಳಿಗೆಮಣೆ ಬೇಕಾಯಿತು.

ಮರುದಿನ ಮಾಸ್ತರರು ಬಂದರು, ನನ್ನ ಮಗಳಿಗೆ ಕಲಿಸಿದವರೇ. ಅವರದು ನೀತಿಯ ಪದ್ಯಗಳು. ಅದರಲ್ಲಿ ಅರ್ಧ ಅವರೇ ಕಟ್ಟಿದ್ದು, ಅಚ್ಚಾದ ಮೇಲೆ ಮಾರಾಟವಾಗದೆ ಮನೆಯಲ್ಲಿ ಪೇರಿಸಿಟ್ಟದ್ದು. "ಕತಿ ಕಾದಂಬರಿ ಹೆಣ್ಮಕ್ಕಳ ತಲಿ ಕೆಡಸ್ತಾವ್ರಿ. ಇದು ಕೂಸಿನ ಕಿವಿಗೆ ಬಿದ್ರ ನಡತಿ ನೆಟ್ಟಗಾಗತೈತಿ" ಎಂದರು. ಹುಟ್ಟಿ ಒಂದು ವಾರವಾಗದ ನನ್ನ ಮೊಮ್ಮಗಳ ನಡತೆಯಲ್ಲಿ ಇವರು ಏನು ಸೊಟ್ಟು ಕಂಡರೋ.

ಮೂರನೆಯವರು ಅಡತಿ ಅಂಗಡಿಯ ಸಾವಕಾರರು. ಹಣೆಯ ತುಂಬ ವಿಭೂತಿ, ರೇಶಿಮೆ ವಸ್ತ್ರದಲ್ಲಿ ಸುತ್ತಿದ ಶರಣರ ಮಹಿಮೆಯ ಪುಸ್ತಕ. ಅದನ್ನು ಓದಿ ಅಂತ ಅವರು ಹೇಳಲಿಲ್ಲ, ಹಣೆಗೆ ಮುಟ್ಟಿಸಿ ಎಂದರು. ಮೂವರಲ್ಲಿ ಇವರದೇ ಪ್ರಾಮಾಣಿಕ ಶಿಫಾರಸು.

ಬಾಣಂತಿ ಓದುವಂತಿಲ್ಲವಲ್ಲ, ಅದಕ್ಕೆ ಇವರೇ ಓದಿ ಹೇಳುತ್ತೇವೆ ಎಂದರು. ನಮ್ಮವರಲ್ಲಿ ಸೂತಕ ಹಿಡಿಯುವುದಿಲ್ಲವಾದ್ದರಿಂದ ಅಡ್ಡಿಯೂ ಇರಲಿಲ್ಲ. ಮಧ್ಯಾಹ್ನ ರೈಲ್ವೆ ಕಾರಖಾನೆಯ ಭೋಂಗಾ ಊದಿದ ಮೇಲೆ ಮೂವರೂ ಬಂದು ಪಡಸಾಲೆಯ ಜಮಖಾನದ ಮೇಲೆ ಕೂಡುತ್ತಿದ್ದರು. ಬಾಣಂತಿ ಕೋಣೆಗೆ ಪರದೆ. ಪರದೆಗೆ ಮುಖ ಮಾಡಿ ಒಬ್ಬರಾದ ಮೇಲೆ ಒಬ್ಬರು ಓದುವುದು, ಆಮೇಲೆ ನನ್ನ ಚಹಾ. ಪರದೆಯ ಒಳಗೆ ನನ್ನ ಮಗಳು, ಎರಡೂ ಕಿವಿಯಲ್ಲಿ ನಮ್ಮ ಯಜಮಾನರ ಉತ್ತಮ ಮಾಲು.

"ನಿಮ್ಮ ಮಗಳು ಎಷ್ಟ ಲಕ್ಷ್ಯಾ ಇಟ್ಟು ಕೇಳ್ತಾಳ್ರಿ" ಎಂದರು ವಕೀಲರು. "ಕೋರ್ಟಿನ್ಯಾಗ ಜಡ್ಜ ಸಾಹೇಬ್ರೂ ಇಷ್ಟ ಸುಮ್ಮಕ ಕೂಡಂಗಿಲ್ಲ."

"ಸಾಲ್ಯಾಗೂ ಹಿಂಗ ಇದ್ಲರಿ" ಎಂದರು ಮಾಸ್ತರರು.

ನಾನು ಅತ್ತೆಯ ಮುಖ ನೋಡಿದೆ. ಅವರು ಕೂಸಿಗೆ ಎಣ್ಣೆ ತಿಕ್ಕುತ್ತ, "ಓದ್ಲಿ ಬಿಡು. ಇಕಿಗೆ ನಿದ್ದಿ ಬರತೈತಿ, ಅವ್ರಿಗೆ ಪುಣ್ಯಾ ಬರತೈತಿ" ಎಂದರು.

ನಿದ್ದೆ ಬಂತೇ ಹೊರತು ಹಸಿವೆ ಬರಲಿಲ್ಲ. ಮಗಳ ಗದ್ದ ಚೂಪಾಯಿತು. ಕೂಸಿಗೆ ಹಾಲು ಸಾಲದೆ ಕಿರಿಕಿರಿ ಮಾಡತೊಡಗಿತು. ನಾನು ಒಂದು ದಿನ ಚಹಾದ ತಾಟು ಹಿಡಿದು ಪರದೆಯ ಹತ್ತಿರ ನಿಂತಿದ್ದೆ. ಹೊರಗೆ ಮಾಸ್ತರರ ಪದ್ಯ, ಕೋಪ ಬಿಡಬೇಕು ಎಂಬುದರ ಮೇಲೆ. ಮಗಳು ಎಚ್ಚರಾಗಿ ಪರದೆಯ ಸಂದಿಯಿಂದ ಅವರ ಬಾಯಿ ಆಡುವುದನ್ನು ನೋಡಿದಳು. ನನ್ನ ಸೆರಗು ಜಗ್ಗಿ ನನಗೊಬ್ಬಳಿಗೇ ಕೇಳಿಸುವಂತೆ ಪಿಸುಗುಟ್ಟಿದಳು. ಪಿಸುಗುಟ್ಟಿದೆ ಎಂದುಕೊಂಡಳು. ಕಿವಿ ತುಂಬಿಕೊಂಡವರಿಗೆ ತಮ್ಮ ದನಿ ಎಲ್ಲಿ ಗೊತ್ತಾಗುತ್ತದೆ. ಎತ್ತಿನ ಬಂಡಿ ಹೊಡೆಯುವವರು ಕೂಗುವಷ್ಟು ದೊಡ್ಡ ದನಿ.

"ಅವ್ವಾ, ಈ ಮಂದಿ ದಿನಾ ಬಂದು ಏನ್ ವದರ್ತಾರ? ಚಾ ಕೊಟ್ಟು ಕಳಸು. ಇವ್ರ ಬದ್ಲಿ ಆ ದೇಸಾಯಿನ್ನ ಕೊಂದಾವ್ರು ಯಾರಂತ ಒಬ್ರರ ಬಂದು ಹೇಳಿದ್ರ ನಾ ಎರಡ ತುತ್ತು ಉಣ್ತಿದ್ನಿ."

ಪದ್ಯ ನಿಂತಿತು. ನಮ್ಮ ಯಜಮಾನರು ಛಾವಣಿ ನೋಡತೊಡಗಿದರು.

ನಾನು ಬಾಗಿಲಲ್ಲಿ ನಿಂತು, ತಪ್ಪು ತಿಳಿಯಬೇಡಿರಿ, ಅದೊಂದು ಕತೆ, ನಾಲ್ಕನೆಯ ಭಾಗ ಸಿಗದೆ ಹುಡುಗಿ ಊಟ ಬಿಟ್ಟಿದ್ದಾಳೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ವಕೀಲರು ಕನ್ನಡಕ ಒರೆಸಿದರು.

"ಕಾರಭಾರಿ ಅಲ್ರಿ" ಎಂದರು. "ಎಲ್ಲಾರೂ ಹಂಗ ತಿಳೀತಾರ. ಕಾನೂನಿನ ಪ್ರಕಾರ ಅವನ ಮ್ಯಾಲ ಪುರಾವಾ ನಿಂದ್ರೂದಿಲ್ಲ."

"ನೀವು ಓದೀರೇನ್ರಿ ಅದನ್ನ?" ಎಂದರು ಮಾಸ್ತರರು.

"ಕೋರ್ಟಿನ ಪ್ರಸಂಗ ಸರಿ ಬರದಾರೋ ಇಲ್ಲೋ ನೋಡೂ ಸಲುವಾಗಿ."

"ನಾನೂ ಭಾಷಾ ಎಷ್ಟ ಕೆಟ್ಟೈತಿ ನೋಡೂ ಸಲುವಾಗಿ ಓದೇನ್ರಿ. ನಾಲ್ಕೂ ಭಾಗದಾಗ ಕೆಟ್ಟೈತಿ. ಕೊಂದಾಕಿ ಎರಡನೇ ಹೇಣ್ತಿ."

"ಏನ ಓದೀರಿ ಮಾಸ್ತರ. ಆಕಿ ಅವತ್ತ ತೌರಮನ್ಯಾಗ ಇರ್ತಾಳ. ಕೊಂದಾಂವ ಅಂವನ ಅವಳಿ ತಮ್ಮ."

ಇದನ್ನು ಅಂದವರು ಸಾವಕಾರರು. ಅಂದು ಮುಗಿದ ಮೇಲೆ ಬಾಯಿಗೆ ಶಲ್ಯ ಹಿಡಿದರು. ಉಳಿದಿಬ್ಬರೂ ಅವರ ಕಡೆ ತಿರುಗಿದರು.

"ನಂಗ ಯಾರೋ ಹೇಳಿದ್ರಪಾ" ಎಂದರು ಸಾವಕಾರರು.

"ಯಾರೋ ಹೇಳಿದ್ದಲ್ಲ" ಎಂದರು ವಕೀಲರು. "ನಾಲ್ಕನೇ ಭಾಗ ನೀವು ಒಯ್ದು ಎಷ್ಟ ದಿನಾ ಆತು? ನಾನು ಕಡೀ ಅಧ್ಯಾಯ ಮತ್ತೊಮ್ಮಿ ನೋಡೂಣಂದ್ರ ಯಾವಾಗ ಹೋದ್ರೂ ಇಲ್ಲಂತಾರ."

ಪುಸ್ತಕ ಸಿಕ್ಕ ಸಂತೋಷವನ್ನು ಪಡುವುದಕ್ಕೆ ಮೊದಲೇ ಕೊಂದವನ ಹೆಸರು ಪಡಸಾಲೆಯ ತುಂಬ ಕೂಗಾಡಿಬಿಟ್ಟರಲ್ಲ ಈ ಪುಣ್ಯಾತ್ಮರು. ಪರದೆ ಸರಿಸಿ ಒಳಗೆ ನೋಡಿದೆ. ಮಗಳು ಗೋಡೆಯ ಕಡೆ ಹೊರಳಿ ಮಲಗಿದ್ದಳು, ಏನೂ ಕೇಳಿರಲಿಲ್ಲ. ಅತ್ತೆಯ ಅರಳೆಯನ್ನು ಅಷ್ಟು ದಿನ ಮನಸ್ಸಿನಲ್ಲಿ ಬೈದುಕೊಂಡವಳು, ಆ ಹೊತ್ತು ಕೈ ಮುಗಿಯುವುದೊಂದು ಬಾಕಿ.

ಮರುದಿನ ನಸುಕಿನಲ್ಲಿ ಸಾವಕಾರರು ತಾವೇ ಬಂದು ರೇಶಿಮೆ ವಸ್ತ್ರದ ಗಂಟನ್ನು ಕೊಟ್ಟು, "ಕೂಸಿಗೆ" ಎಂದು ಹೇಳಿ ಹೋದರು. ಒಳಗೆ ನಾಲ್ಕನೆಯ ಭಾಗ. ಪುಟಗಳಲ್ಲಿ ಅಡಕೆಯ ಚೂರು, ನಶ್ಯದ ಕಲೆ. ಇದನ್ನು ಮಾತ್ರ ಹಣೆಗೆ ಮುಟ್ಟಿಸಿ ಸುಮ್ಮನಾಗಿರಲಿಲ್ಲ ಅವರು.

ಇನ್ನು ಅತ್ತೆಯ ಪರವಾನಿಗೆ ಬೇಕು. ಕಣ್ಣಿಗೆ ಅಕ್ಷರ ತೋರಿಸುವುದಿಲ್ಲ, ನಾನೇ ಓದುತ್ತೇನೆ, ಒಂದು ಕಿವಿಯ ಅರಳೆ ತೆಗೆಯುವುದಕ್ಕೆ ಬಿಡಿರಿ ಎಂದು ಬೇಡಿಕೊಂಡೆ. ಅವರು ನನ್ನ ಮಗಳ ಚೂಪಾದ ಗದ್ದವನ್ನು ಹಿಡಿದು ನೋಡಿದರು.

"ಒಂದ ಕಿವಿ" ಎಂದರು. "ಅದೂ ಗ್ವಾಡಿ ಕಡೀದು. ಒಂದ ಅಧ್ಯಾಯಕ್ಕ ಒಂದ ರೊಟ್ಟಿ. ಉಣ್ಣಲಿಲ್ಲ ಅಂದ್ರ ಪುಸ್ತಕಾ ಕೆಂಡಕ್ಕ ಹಾಕ್ತೇನಿ."

ನನ್ನ ಓದು ಎಂಥದೆಂದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ನಿಂತು ಉಸಿರು ತೆಗೆದುಕೊಂಡು ದಾಟುವ ಓದು. ಪತ್ತೇದಾರ ಒಂದು ಬಾಗಿಲು ತೆರೆಯುವುದರೊಳಗೆ ನನ್ನ ರೊಟ್ಟಿ ತಣ್ಣಗಾಗುತ್ತಿತ್ತು. ಅದರ ಮೇಲೆ ಕೊಂದವನು ಯಾರೆಂದು ನನಗೆ ಗೊತ್ತು. ಅವಳು ನನ್ನ ಮುಖ ನೋಡಿ ಹಿಡಿದುಬಿಟ್ಟಳು.

"ಅವ್ವಾ, ನಿಂಗ ಗೊತ್ತೈತಿ. ಹೇಳಬ್ಯಾಡ. ಮುಖಾ ಆ ಕಡೆ ಮಾಡಿ ಓದು."

ನಾನು ಕೂಸಿನ ಕಡೆ ಮುಖ ಮಾಡಿ ಓದಿದೆ. ಕೂಸು ಕಣ್ಣು ಬಿಟ್ಟುಕೊಂಡು ಕೇಳುತ್ತಿತ್ತು. ಆ ಪಡಸಾಲೆಯ ಮೂವರಿಗಿಂತ ಅದಕ್ಕೆ ಹೆಚ್ಚು ತಿಳಿಯುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮಗಳು ಸಬ್ಬಸಿಗೆ ಪಲ್ಯ ಹಚ್ಚಿ ರೊಟ್ಟಿ ಮುರಿದು ತಿನ್ನುತ್ತ ಹೋದಳು, ಗದ್ದಕ್ಕೆ ಮಾಂಸ ಬರುತ್ತ ಹೋಯಿತು, ಕೂಸಿನ ಕಿರಿಕಿರಿ ನಿಂತಿತು. ಕೊನೆಯ ಅಧ್ಯಾಯಕ್ಕೆ ಬಂದೆವು. ಅ, ವ, ಳಿ ಎಂದು ನಾನು ಕೂಡಿಸಿದೆ. ದೇಸಾಯಿಗೆ ಒಬ್ಬ ಅವಳಿ ತಮ್ಮ ಇದ್ದನು, ಹುಟ್ಟಿದಾಗಲೇ ಕಾಡಿನಲ್ಲಿ ಕಳೆದುಹೋಗಿದ್ದನು ಎಂದು ಓದಿ ಮುಗಿಸಿ ಮಗಳ ಕಡೆ ನೋಡಿದೆ. ಇಷ್ಟು ದಿನ ಊಟ ಬಿಟ್ಟು ಕಾದ ಮಾತು, ಕುಣಿದಾಡುತ್ತಾಳೆ ಎಂದುಕೊಂಡಿದ್ದೆ.

"ಇಷ್ಟನ?" ಎಂದಳು.

"ಇಷ್ಟ ನೋಡವಾ. ಮುಗೀತು."

"ಎಲ್ಲಿಂದ ಬಂದಾ ಈ ತಮ್ಮ? ಮೂರ ಭಾಗದಾಗ ಒಮ್ಮೆರ ಅವನ ಸುದ್ದಿ ಐತೇನು? ಬರಿಯಾಂವಗ ಬಗೀಹರೀಲಿಲ್ಲ, ಹುಟ್ಟಿಸಿ ತಂದು ನಿಂದ್ರಿಸ್ಯಾನ." ಅವಳು ಎದ್ದು ಕೂತಳು. ಬಾಣಂತನದಲ್ಲಿ ಮೊದಲ ಸಲ ಕಣ್ಣು ಹೊಳೆದವು. "ಬಾಗ್ಲಾ ಮುರದು ಮೊದ್ಲ ಒಳಗ ಹೋದಾಂವ ಯಾರು? ಕಾರಭಾರಿ. ಅಂವ ಹೋಗೂ ಮಟಾ ದೇಸಾಯಿ ಸತ್ತಾನಂತ ಯಾರ ನೋಡ್ಯಾರ?" ಕಾರಭಾರಿಯ ಮೇಲೆ ಪುರಾವೆ ನಿಲ್ಲುವುದಿಲ್ಲವೆಂದು ವಕೀಲರು ಅಂದದ್ದನ್ನು ಹೇಳಿದೆ. "ವಕೀಲರಿಗೆ ಪುರಾವಾ ಬೇಕಂದ್ರ ನಾ ಹೇಳ್ತೇನಿ, ಕರೀರಿ ಅವ್ರನ್ನ."

ವಕೀಲರನ್ನು ಕರೆಯಬೇಕಾಗಲಿಲ್ಲ. ಅವಳು ಪಡಸಾಲೆಗೆ ಕೇಳಿಸುವಷ್ಟು ದನಿಯಲ್ಲೇ ಹೇಳುತ್ತಿದ್ದಳು, ಹೊರಗೆ ಎಂದಿನಂತೆ ಚಹಾಕ್ಕೆ ಬಂದಿದ್ದ ಮೂವರೂ ಕಪ್ಪು ಕೆಳಗಿಟ್ಟು ಕೇಳುತ್ತಿದ್ದರು. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದಕ್ಕೆ ಮೊದಲಿನಿಂದ ಬಿಡಿಸಿ ಹೇಳಿದಳು: ಯಾರು ಯಾವಾಗ ಎಲ್ಲಿದ್ದರು, ಯಾರು ಸುಳ್ಳು ಹೇಳಿದರು. ನನಗೂ ಅದೇ ಖರೆ ಅನ್ನಿಸಿತು. ಹೇಳುತ್ತ ಹೇಳುತ್ತ ಕೈ ಚಾಚಿ ತಾಟಿನಲ್ಲಿದ್ದ ಎರಡನೆಯ ರೊಟ್ಟಿಯನ್ನು, ಯಾರೂ ಹೇಳದೆ, ತಾನೇ ಎತ್ತಿಕೊಂಡಳು.

"ನಾನ ಬರದಿದ್ರ ಇದಕ್ಕಿಂತ ಛಲೋ ಬರೀತಿದ್ನಿ, ಆಯಿ" ಎಂದಳು ಅಜ್ಜಿಯ ಕಡೆ ತಿರುಗಿ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

"ಮೊದ್ಲ ನುಂಗು" ಎಂದರು ಅತ್ತೆ. "ಆಮ್ಯಾಲ ಬರಿಯಂತಿ."