ಬಾಳೆನಾರು ಕಚ್ಚಿದ ಕರೀಮಕ್ಕ

ಬೆಳಿಗ್ಗೆ ಹೂವಿನ ಕುಕ್ಕೆ ಬಿಚ್ಚುವ ಮೊದಲು ಕರೀಮುನ್ನೀಸಾ, ನಮ್ಮೆಲ್ಲರ ಕರೀಮಕ್ಕ, ನೆನೆಹಾಕಿದ ಬಾಳೆನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಕಚ್ಚಿಕೊಂಡೇ ‘ಬಿಸ್ಮಿಲ್ಲಾ’ ಎನ್ನುತ್ತಿದ್ದಳು. ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಇದು ತಪ್ಪಿದ್ದಿಲ್ಲ. ಶಿರಾದಲ್ಲಿ ಬೇರೆಯವರು ನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೂ ಕಟ್ಟುತ್ತಿದ್ದರು. ಕರೀಮಕ್ಕ ಮಾತ್ರ ಅದಕ್ಕೆ ಒಪ್ಪಳು. ಅವಳು ಕಟ್ಟಿದ ಹೂವು ಗುರುವಾರ ದರ್ಗಾಕ್ಕೆ ಹೋಗುತ್ತಿತ್ತು, ಶನಿವಾರ ಪಕ್ಕದಲ್ಲೇ ಇದ್ದ ನಮ್ಮ ಮನೆಯ ದೇವರಿಗೆ ಬರುತ್ತಿತ್ತು.

“ದೇವರ ತಲೆ ಮ್ಯಾಲೆ ಹೋಗೋದನ್ನ ಕಾಲಲ್ಲಿ ಹಿಡಿಯೋದಾ? ತೌಬಾ!”

ನನ್ನಂಥವರಿಗೆ ಎಂಜಲಾಗಬಾರದೆಂದು, ಕಚ್ಚಿದ ತುದಿಯನ್ನು ಕೊನೆಗೆ ಕತ್ತರಿಸಿ ಬಿಸಾಡುತ್ತಿದ್ದಳು. ಹೀಗೆ ಎರಡೂ ಮನೆಯ ಮಡಿ ಉಳಿಯಿತು. ಅವಳ ದವಡೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಎಂಬತ್ತರ ಇಸವಿ ದಾಟಿದ ಮೇಲೆ ಅವಳಿಗೆ ಕಣತಲೆಯಲ್ಲಿ ನೋವು ಶುರುವಾಯಿತು. ತಾಯಿತ ಕಟ್ಟಿಸಿದಳು, ಕಷಾಯ ಕುಡಿದಳು, ಕನ್ನಡಕ ಹಾಕಿದಳು. ಒಂದು ದವಡೆಹಲ್ಲನ್ನೂ ಕೀಳಿಸಿದಳು. “ಪಾಪದ್ದು, ತಪ್ಪಿಲ್ಲದೆ ಹೋಯ್ತು” ಎಂದು ಆಮೇಲೆ ಅವಳೇ ನಗುತ್ತಿದ್ದಳು. ಆದರೆ ನೋವು ಬಂದ ದಿನ ಸೆರಗನ್ನು ತಲೆಗೆ ಬಿಗಿದು ಗೋಡೆಗೆ ಮುಖ ಮಾಡಿ ಮಲಗಿದರೆ, ಕುಕ್ಕೆಯಲ್ಲೇ ಹೂವು ಬಾಡುತ್ತಿತ್ತು.

ಜಟಕಾ ಓಡಿಸುತ್ತಿದ್ದ ಅವಳ ಗಂಡ ಇಮಾಮ್ ಸಾಬ್ ಒಂದು ದಿನ ಹೇಳಿಯೇಬಿಟ್ಟ. “ಈ ಉರುಸಿಗೆ ದರ್ಗಾಕ್ಕೆ ಹೂವಿನ ಚಾದರ ಕಟ್ಟು, ಆಮ್ಯಾಕೆ ಬುಟ್ಬುಡು. ಹೂವಿನ ಮಂಡಿಯೋರಿಗೆ ಕುಕ್ಕೆ ಕಳಿಸಬ್ಯಾಡಿ ಅಂತೀನಿ.”

“ಹೂವ ಬುಟ್ರೆ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡ್ಕಂಡು ಕೂತ್ಕಳ್ಳಾ?” ಎಂದಳು. ನನ್ನ ಹತ್ತಿರ ಬಂದಾಗ ಮಾತ್ರ ನಗಲಿಲ್ಲ. “ಸರೋಜಮ್ಮಾ, ನಂಗೆ ಇನ್ನೇನೂ ಬರಾಕಿಲ್ಲ ಕಣಮ್ಮ.”

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಾತ್ರೆಯಿಲ್ಲದೆ ತಲೆನೋವು ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಬೋರ್ಡು ಓದಲು ಬರುತ್ತದೆಂಬ ಹೆಮ್ಮೆಯಲ್ಲಿ ಜೊತೆಗೆ ನಾನು ಹೊರಟೆ. ಅಲ್ಲಿ ಒಬ್ಬ ಡಾಕ್ಟ್ರಮ್ಮ ಅವಳ ಹಣೆಗೂ ಕೆನ್ನೆಗೂ ಬಿಲ್ಲೆಗಳನ್ನು ಅಂಟಿಸಿ, ವೈರುಗಳನ್ನು ಒಂದು ಪೆಟ್ಟಿಗೆಗೆ ಸೇರಿಸಿದರು. ಪೆಟ್ಟಿಗೆ ಗುಂಯ್‌ಗುಟ್ಟಿತು.

“ಇದಕ್ಕೆ ಬಯೋಫೀಡ್‌ಬ್ಯಾಕ್ ಅಂತಾರೆ. ಇದು ನೋವು ತೆಗೆಯಲ್ಲ. ನಿಮ್ಮ ಮಾಂಸಖಂಡ ಎಷ್ಟು ಬಿಗಿಯಾಗಿದೆ ಅಂತ ಹೇಳುತ್ತೆ, ಅಷ್ಟೇ. ಬಿಗಿ ಸಡಿಲವಾದರೆ ಸದ್ದು ಇಳಿಯುತ್ತೆ. ಇಳಿಸೋದು ನಿಮ್ಮ ಕೆಲಸ.”

“ಅಂದ್ರೆ ಚಾಡಿಕೋರ” ಎಂದಳು ಕರೀಮಕ್ಕ.

ಅವಳು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಸದ್ದನ್ನು ಇಳಿಸಲು ಕೂತಳು. ಸದ್ದು ಏರಿತು. ದುವಾ ಓದಿದಳು, ಇನ್ನೂ ಏರಿತು. “ಬಾಯ್ಮುಚ್ಲೇ!” ಎಂದು ಪೆಟ್ಟಿಗೆಯನ್ನು ಗದರಿದಾಗಲಂತೂ ಅದು ಊಳಿಟ್ಟಿತು.

ನಿತ್ಯ ಜಪ ಮಾಡುವವಳು ನಾನು. ಮನಸ್ಸು ಸ್ಥಿರ ಮಾಡಿಕೊಳ್ಳುವುದು ಹೇಗೆಂದು ಅವಳಿಗೆ ತೋರಿಸೋಣವೆಂದು, ನನಗೂ ಒಮ್ಮೆ ಅಂಟಿಸಿ ಎಂದೆ. ಕಣ್ಣು ಮುಚ್ಚಿ ರಾಮನಾಮ ಹಿಡಿದೆ. ಪೆಟ್ಟಿಗೆ ಅವಳಿಗಿಂತ ಜೋರಾಗಿ ಕೂಗಿತು.

“ಸರೋಜಮ್ಮಾ, ರಾಮನ್ನ ಹಿಂಗಾ ಬೈಯೋದು?”

ಇಬ್ಬರೂ ನಕ್ಕೆವು. ಬಿಲ್ಲೆಗಳನ್ನು ಮತ್ತೆ ಅವಳಿಗೆ ಅಂಟಿಸಿದ ಮೇಲೂ ಅವಳಿಗೆ ನಗು ನಿಲ್ಲಲಿಲ್ಲ. ನಕ್ಕು ನಕ್ಕು ಸುಸ್ತಾಗಿ, ಬಾಯಿ ತೆರೆದುಕೊಂಡು ಕುರ್ಚಿಗೆ ಒರಗಿದಳು. ಸದ್ದು ಕುಸಿಯಿತು.

“ಈಗ ಏನು ಮಾಡಿದ್ರಿ?” ಡಾಕ್ಟ್ರಮ್ಮ ಬಗ್ಗಿ ಕೇಳಿದರು.

“ಏನೂ ಇಲ್ಲ ಕಣಮ್ಮ. ಬಾಯಿ ಬುಟ್ಕಂಡು ಪೆದ್ದಿ ಥರ ಕೂತಿವ್ನಿ.”

“ಅದೇ ಬೇಕಾಗಿದ್ದು. ತುಟಿ ಮುಚ್ಚಿದ್ರೂ ಪರವಾಗಿಲ್ಲ, ಹಲ್ಲಿಗೆ ಹಲ್ಲು ತಾಗಬಾರದು. ಮನೇಲಿ ಏನು ಕೆಲಸ ಮಾಡ್ತೀರಿ?”

ಕರೀಮಕ್ಕ ಇಲ್ಲದ ನಾರನ್ನು ಕಚ್ಚಿ, ಗಾಳಿಯಲ್ಲೇ ಹೂ ಕಟ್ಟಿ ತೋರಿಸಿದಳು. ಪೆಟ್ಟಿಗೆ ಚೀರಿತು. ಅವಳು ಕೈ ಹಾಗೇ ಹಿಡಿದುಕೊಂಡು ಅದನ್ನೇ ನೋಡಿದಳು.

“ನಾರನ್ನ ಒಂದು ಮೊಳೆಗೆ ಸಿಕ್ಕಿಸಬಾರದಾ?” ಎಂದರು ಡಾಕ್ಟ್ರಮ್ಮ.

ಮನೆಯಲ್ಲಿ ಮೊಳೆ ಅವಳು ಕೂರುವ ಜಾಗದ ಎದುರಿಗೇ ಇತ್ತು. ಮದುವೆಯಾಗಿ ಬಂದಾಗಿನಿಂದ ಅದಕ್ಕೆ ಜಪಮಾಲೆ ನೇತುಹಾಕುತ್ತಿದ್ದಳು. “ಮೊಳೆ ಇತ್ತು, ಗೋಡೆ ಇತ್ತು. ತಲೆ ಒಂದೇ ಇರ್ಲಿಲ್ಲ, ನೋವು ಮಾತ್ರ ಎಲ್ಲಿಂದ ಬಂತೋ” ಎಂದು ವಾಪಸ್ ಬರುವಾಗ ಬಸ್ಸಿನ ತುಂಬ ಕೇಳುವಂತೆ ಹೇಳಿದಳು.

ಜಪಮಾಲೆ ಗೂಡಿಗೆ ಹೋಯಿತು, ನಾರು ಮೊಳೆಗೆ ಬಂತು. ಆದರೂ ನೋವು ಪೂರ್ತಿ ಬಿಡಲಿಲ್ಲ. ಬಾಯಲ್ಲಿ ನಾರಿಲ್ಲದಿದ್ದರೂ ಕೈ ಹೂವಿಗೆ ಹೋದ ಕೂಡಲೇ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಬೆಂಗಳೂರಿಗೆ ಹೋದೆವು. ಪೆಟ್ಟಿಗೆಯ ಮುಂದೆ ಜಾಣೆಯಾಗಿ ಸದ್ದು ಇಳಿಸುತ್ತಿದ್ದಳು. ಮನೆಗೆ ಬಂದರೆ ಚಾಡಿ ಹೇಳುವವರಿಲ್ಲ, ದವಡೆ ಮತ್ತೆ ಬಿಗಿ. ಉರುಸು ಹತ್ತಿರವಾಗುತ್ತಿತ್ತು. ಇಮಾಮ್ ಸಾಬ್ ದಿನಾ ಕುಕ್ಕೆಯ ಕಡೆ ನೋಡುತ್ತಿದ್ದ.

ಒಂದು ಬೆಳಿಗ್ಗೆ ಕರೀಮಕ್ಕ ಹಾರಕ್ಕೆ ದವನ ಸೇರಿಸುವಾಗ ಒಂದು ಎಸಳನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡಳು. ಹೂ ಕಟ್ಟುತ್ತ ಮರೆತಳು. ಥಟ್ಟನೆ ಮುಖ ಕಿವುಚಿದಳು. ಹಲ್ಲು ಕಚ್ಚಿಕೊಂಡಿತ್ತು, ನಾಲಿಗೆಯೆಲ್ಲ ಕಹಿ.

“ಸರೋಜಮ್ಮಾ! ಚಾಡಿಕೋರ ಸಿಕ್ಕ!” ಎಂದು ಗೋಡೆಯಾಚೆಯಿಂದ ಕೂಗಿದಳು.

ಅಂದಿನಿಂದ ಕಟ್ಟಲು ಕೂತಾಗ ದವಡೆಯ ನಡುವೆ ಒಂದು ದವನದ ಎಸಳು. ಕಚ್ಚಿದರೆ ಕಹಿ. ಮೊದಮೊದಲು ದಿನವಿಡೀ ಕಹಿ ನುಂಗಿದಳು. “ಇಷ್ಟು ದವನ ನಮ್ಮ ಆಡೂ ತಿಂದಿಲ್ಲ” ಎನ್ನುತ್ತಿದ್ದಳು. ಬರಬರುತ್ತ ಎಸಳು ಸಂಜೆಯವರೆಗೂ ಹಾಗೇ ಉಳಿಯತೊಡಗಿತು, ತಲೆನೋವೂ ಇಳಿಯಿತು. ಉರುಸಿನ ಚಾದರವನ್ನು ಒಂದೇ ಕೂತಲ್ಲಿ ಕಟ್ಟಿದಳು. ಮಾರನೆಯ ದಿನ ಮಂಡಿಯಿಂದ ಕುಕ್ಕೆಯನ್ನು ಜಟಕಾದಲ್ಲಿ ಹೇರಿಕೊಂಡು ತಂದವನು ಇಮಾಮ್ ಸಾಬನೇ. ಜಗಲಿಯ ಮೇಲಿಟ್ಟು, ಕುದುರೆಗೆ ಹುಲ್ಲು ಹಾಕಲು ಹೋದ.

ಅವಳ ‘ಬಿಸ್ಮಿಲ್ಲಾ’ ಈಗ ನಮ್ಮ ಅಡುಗೆಮನೆಗೂ ಸ್ಪಷ್ಟವಾಗಿ ಕೇಳುತ್ತದೆ. “ಇಷ್ಟು ವರ್ಷ ಹಲ್ಲು ಕಡ್ದು ಹೆಸರು ಹೇಳಿವ್ನಿ. ಯಾರೋ ಹೆಂಗಸು ದಿನಾ ಬೈತಾಳೆ ಅಂದ್ಕಂಡಿದ್ನೋ ಏನೋ ಆ ಅಲ್ಲಾ” ಎಂದು ಅವಳೇ ಹೇಳುತ್ತಾಳೆ.

ಕೊನೆಯ ಸಲ ಹೋದಾಗ ಡಾಕ್ಟ್ರಮ್ಮನಿಗೆ ಒಂದು ಮೊಳ ಮಲ್ಲಿಗೆ ಕೊಟ್ಟು ಬಂದೆವು. ಅವರಿಗೆ ಬಹಳ ಸಂತೋಷವಾಯಿತು. ಬೀರುವಿನಿಂದ ಅಂಥದೇ ಒಂದು ಚಿಕ್ಕ ಹಳೆಯ ಪೆಟ್ಟಿಗೆ ತೆಗೆದು ಮುಂದಿಟ್ಟರು. “ಇದನ್ನ ಮನೆಗೆ ತಗೊಂಡು ಹೋಗಿ. ನೋವು ಮತ್ತೆ ಬಂದ್ರೆ ಇಷ್ಟು ದೂರ ಬರೋದು ತಪ್ಪುತ್ತೆ.”

ಕರೀಮಕ್ಕ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಅವರ ಕಡೆಗೇ ಸರಿಸಿದಳು.

“ಬ್ಯಾಡ ಕಣಮ್ಮ. ಇಲ್ಲೇ ಇರ್ಲಿ. ನನ್ನಂಗೆ ಕಚ್ಕಂಡು ಕೂತಿರೋ ಹೆಂಗಸ್ರು ಇನ್ನೂ ಎಷ್ಟು ಜನ ಬಸ್ಸು ಹತ್ತವ್ರೋ.”