ಬೇಡ ಅಂದವನ ತಟ್ಟೆ

ಮೊನ್ನೆ ನಾನು ಅಮೃತಸರದಲ್ಲಿ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ.

ಕೂತಿದ್ದು ಎಲ್ಲಿ ಗೊತ್ತೇ? ಸ್ವರ್ಣ ಮಂದಿರದ ಲಂಗರಿನಲ್ಲಿ. ಹಗಲು ರಾತ್ರಿ ಎನ್ನದೆ ಬಂದವರಿಗೆಲ್ಲ ಊಟ ಹಾಕುವ ಜಾಗ ಅದು. ಅಲ್ಲಿಂದ ಯಾರೂ ಹಸಿದು ಹೋಗುವುದಿಲ್ಲ ಎಂದು ಲೋಕವೇ ಹೇಳುತ್ತದೆ. ನನ್ನ ಎಡಗಡೆಯವರು ಉಣ್ಣುತ್ತಿದ್ದರು, ಬಲಗಡೆಯವರು ಉಣ್ಣುತ್ತಿದ್ದರು, ಎದುರಿನ ಸಾಲು ಪೂರ್ತಿ ಉಣ್ಣುತ್ತಿತ್ತು. ಬಡಿಸುವವರು ಬರುತ್ತಿದ್ದರು, ನನ್ನನ್ನು ದಾಟಿ ಹೋಗುತ್ತಿದ್ದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

ತಪ್ಪು ಯಾರದ್ದು? ನನ್ನದೇ. ಆದರೆ ನನ್ನೊಬ್ಬನದ್ದು ಎಂದರೆ ಅನ್ಯಾಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನವರು ಇದರಲ್ಲಿ ಪಾಲು ತೆಗೆದುಕೊಳ್ಳಬೇಕು.

ಮೊದಲಿನಿಂದ ಹೇಳುತ್ತೇನೆ.

ಕೊಪ್ಪದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇರುವುದು ನಿಮಗೆ ಗೊತ್ತು. ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು. ಸುಟ್ಟ ತಂತಿ ಬಿಚ್ಚುವುದು, ಹೊಸ ತಂತಿ ಸುತ್ತುವುದು. ನನ್ನ ಹೆಂಡತಿ ವಿಮಲ ಕಳೆದ ವರ್ಷ ಹೋಗಿದ್ದೂ ನಿಮ್ಮಲ್ಲಿ ಹಲವರಿಗೆ ಗೊತ್ತು. ನಡುವೆ ಕೆಲವು ವಾರ ಈ ಅಂಕಣ ಬರಲಿಲ್ಲವಲ್ಲ, ಅದು ಆಗ.

ಹೆಂಡತಿ ತೀರಿಕೊಂಡ ಗಂಡಸಿಗೆ ಊರು ಕೇಳುವ ಪ್ರಶ್ನೆ ಒಂದೇ. ನಿದ್ದೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಸಂಜೆ ಬೀಗ ತೆಗೆದು ಒಳಗೆ ಹೋಗುವಾಗ ಹೇಗಿರುತ್ತದೆ ಎಂದು ಕೇಳುವುದಿಲ್ಲ.

ಕೆರೆಕಟ್ಟೆಯಿಂದ ಪಂಪು ರಿಪೇರಿಗೆ ತಂದ ಸುಬ್ಬಣ್ಣ ಕೇಳಿದ್ದೂ ಆ ಒಂದೇ ಪ್ರಶ್ನೆ.

"ಊಟಕ್ಕೆಲ್ಲ ಎಂತ ಮಾಡ್ತೀರಿ ಶ್ರೀಧರಣ್ಣ?"

"ಆಗ್ತದೆ ಮಾರಾಯ."

"ಆಗ್ತದೆ ಅಂದ್ರೆ?"

"ಆಗ್ತದೆ ಅಂದ್ರೆ ಆಗ್ತದೆ. ನಿನ್ನ ಪಂಪು ಯಾವತ್ತಿಗೆ ಬೇಕು ಹೇಳು."

ಏನು ಆಗುತ್ತಿತ್ತು? ಅವಲಕ್ಕಿ, ಮಜ್ಜಿಗೆ. ಅಡುಗೆ ಕಟ್ಟೆಗೆ ಒರಗಿ, ನಿಂತುಕೊಂಡು. ಕೂತು ಉಂಡರೆ ಎದುರಿಗೆ ಯಾರೂ ಇಲ್ಲ ಎಂಬುದು ಕಾಣುತ್ತದೆ. ನಿಂತರೆ ಅಷ್ಟಾಗಿ ಕಾಣುವುದಿಲ್ಲ.

ಹಾಗೆಂದು ಊರಿನವರು ಕೈಬಿಟ್ಟರು ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಪಕ್ಕದ ಮನೆಯವರು ಸಾರು ತಂದರು. ಅಂಗಡಿ ಎದುರಿನ ಹೋಟೆಲಿನವರು ಇಡ್ಲಿ ಕಟ್ಟಿ ಕಳಿಸಿದರು. ಮೇಗುಂದದಲ್ಲಿರುವ ತಂಗಿ ಸುಶೀಲ ದಿನಾ ಫೋನು. "ಅಣ್ಣಾ, ಶನಿವಾರ ಅಂಗಡಿ ಬಾಗಿಲು ಹಾಕಿ ಸೀದಾ ಇಲ್ಲಿಗೇ ಬಾ. ಭಾನುವಾರ ಉಂಡು, ಸೋಮವಾರ ಹೋದ್ರೆ ಆಯ್ತು."

ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು. "ಬೇಡ."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಬೇಡ ಎನ್ನುವುದು ಹೇಗೆ ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ.

ನಮ್ಮಲ್ಲಿ ಮೊದಲನೇ ಬೇಡ ಲೆಕ್ಕಕ್ಕಿಲ್ಲ. ಅದು ಬರೀ ಮರ್ಯಾದೆ. ಪಂಕ್ತಿಯಲ್ಲಿ ಪಾಯಸ ಬಂತು ಎಂದಿಟ್ಟುಕೊಳ್ಳಿ. ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, "ಬೇಡ ಬೇಡ" ಎನ್ನಬೇಕು. ಬಡಿಸುವವನು "ಎಂತ ಮಾರಾಯ್ರೆ, ಒಂದು ಸೌಟು" ಎನ್ನಬೇಕು. ಆಗ ಕೈ ಒಂದಿಷ್ಟು ಸರಿಯುತ್ತದೆ. ಆ ಸಂದಿಯಲ್ಲಿ ಪಾಯಸ ಬೀಳುತ್ತದೆ. ಉಣ್ಣುವವನು "ಅಯ್ಯೋ, ಜಾಸ್ತಿ ಆಯ್ತು" ಎಂದು ಪೂರ್ತಿ ಉಣ್ಣುತ್ತಾನೆ. ಮೊದಲ ಸಲಕ್ಕೇ "ಹಾಕಿ" ಎಂದವನ ಸುದ್ದಿ ಮುಂದಿನ ಮದುವೆಯವರೆಗೂ ಓಡಾಡುತ್ತದೆ. ಹೌದೋ ಅಲ್ಲವೋ ಹೇಳಿ?

ವಿಮಲಳಿಗೆ ಈ ಆಟ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕಿಂತ ಅವಳು ನನ್ನ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನಾನು ಬೇಡ ಎನ್ನುವಷ್ಟರಲ್ಲಿ ದೋಸೆ ತಟ್ಟೆಯಲ್ಲಿರುತ್ತಿತ್ತು. "ಸುಮ್ನೆ ಉಣ್ಣಿ. ನಿಮ್ಮ ಹೊಟ್ಟೆ ಎಷ್ಟು ಅಂತ ನಿಮಗಿಂತ ನಂಗೆ ಗೊತ್ತು."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಹಾಗೆಯೇ. ಅವಳಿಗೆ ಗಂಜಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ತಿಂಡಿ ಗಾಡಿ ವಾರ್ಡಿಗೆ ಬಂದರೆ ಗಾಡಿಯವನನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದಳು. "ಇವ್ರಿಗೆ ಇನ್ನೊಂದೆರಡು ಇಡ್ಲಿ ಹಾಕಪ್ಪ. ಬೇಡ ಅಂತಾರೆ. ನೀನು ಹಾಕು."

ಆಮೇಲೆ ಹಾಗೆ ಹೇಳುವವರು ಇಲ್ಲವಾದರು. ನನ್ನ ಬೇಡ ಮಾತ್ರ ಉಳಿಯಿತು.

ಊರಿನವರು ಒತ್ತಾಯ ಮಾಡಿದರು. ಒಂದು ಸಲ, ಎರಡು ಸಲ, ಹತ್ತು ಸಲ. ಒತ್ತಾಯ ಮಾಡುವವರಿಗೂ ಸುಸ್ತು ಎಂಬುದಿದೆ. ನಿಧಾನಕ್ಕೆ ಡಬ್ಬಿಗಳು ನಿಂತವು. ತಂಗಿ ಮಾತ್ರ ಕೊನೆಯವರೆಗೆ ಬಿಡಲಿಲ್ಲ. ಒಂದು ದಿನ ಅವಳಿಗೂ ಸಾಕಾಯಿತು.

"ಅಣ್ಣಾ, ಇನ್ನು ನಾನು ಕರೆಯೋದಿಲ್ಲ," ಎಂದಳು. ಸಿಟ್ಟಿನಲ್ಲಿ ಅಲ್ಲ. ಅಳುವುದು ಬೇಡವೆಂದು ಗಟ್ಟಿ ಮಾಡಿಕೊಂಡ ದನಿಯಲ್ಲಿ. "ಕರೆದೂ ಕರೆದೂ ನಂಗೆ ನಾಚಿಕೆ ಆಗ್ತದೆ. ನಿಂಗೆ ಬರಬೇಕು ಅನ್ನಿಸಿದ್ರೆ ನೀನೇ ಹೇಳು. ಬಾಗಿಲು ತೆಗೆದೇ ಇರ್ತದೆ."

ಫೋನು ಇಟ್ಟಳು. ನಾನು ಮನೆಗೆ ಹೋಗಿ ಅವಲಕ್ಕಿ ನೆನೆಸಿದೆ. ಅವತ್ತು ಅದೂ ಇಳಿಯಲಿಲ್ಲ. ಇವಳೊಬ್ಬಳು ಕರೆಯುವವಳಿದ್ದಳು, ಅವಳನ್ನೂ ಕಳೆದುಕೊಂಡೆನೇ? ಬಾಯಿ ಬಿಟ್ಟು ಕೇಳುವುದು ನನ್ನಿಂದ ಆಗುವ ಕೆಲಸವೇ?

ಅದಾದ ಮೇಲೆಯೇ ನಾನು ಅಮೃತಸರಕ್ಕೆ ಹೊರಟಿದ್ದು.

"ಕಾಶಿಗೆ ಹೋಗ್ತಾರೆ, ರಾಮೇಶ್ವರಕ್ಕೆ ಹೋಗ್ತಾರೆ. ನೀವೆಂತ ಅಮೃತಸರಕ್ಕೆ?" ಎಂದು ಸುಬ್ಬಣ್ಣನೇ ಕೇಳಿದ. ನ್ಯಾಯವಾದ ಪ್ರಶ್ನೆ.

ಕಾರಣ ದೊಡ್ಡದೇನಲ್ಲ. ಬೆಳಿಗ್ಗೆ ಟಿವಿಯಲ್ಲಿ ಅಲ್ಲಿನ ಕೀರ್ತನೆ ನೇರವಾಗಿ ಬರುತ್ತದೆ. ವಿಮಲ ಒಮ್ಮೆ ಚಾನೆಲ್ ಬದಲಿಸುವಾಗ ಸಿಕ್ಕಿದ್ದು. ಅಂದಿನಿಂದ ಅವಳ ದೋಸೆ, ಚಟ್ನಿ, ಒಗ್ಗರಣೆ ಎಲ್ಲ ಅದನ್ನು ಕೇಳಿಕೊಂಡೇ. ಒಂದಕ್ಷರ ಅರ್ಥವಾಗುವುದಿಲ್ಲವಲ್ಲ ಎಂದರೆ, "ಅರ್ಥ ಆಗದಿದ್ರೇ ಒಳ್ಳೇದು. ಜಗಳ ಮಾಡೋಕೆ ಎಂತದೂ ಸಿಗೋದಿಲ್ಲ," ಎನ್ನುತ್ತಿದ್ದಳು. ಅಲ್ಲಿಗೆ ಹೋಗಬೇಕು ಎಂದು ಅವಳು ಯಾವತ್ತೂ ಹೇಳಿದ್ದಿಲ್ಲ. (ಹೆಂಡತಿಯ ಕೊನೆಯ ಆಸೆ ಈಡೇರಿಸಲು ಹೋದ ಪುಣ್ಯಾತ್ಮ ಎಂದು ದಯವಿಟ್ಟು ತಿಳಿಯಬೇಡಿ.) ಅವಳು ಹೋದ ಮೇಲೂ ಟಿವಿ ಹಾಕುವ ರೂಢಿ ನನಗೆ ಬಿಟ್ಟಿರಲಿಲ್ಲ. ಆ ನೀರು, ಆ ಬಂಗಾರದ ಗುಡಿ, ತಲೆಗೆ ಬಟ್ಟೆ ಕಟ್ಟಿಕೊಂಡು ಸುತ್ತುವ ಜನ. ಇನ್ನೊಂದು ಕಾರಣವೂ ಇತ್ತು. ಅಲ್ಲಿ ನನ್ನ ಗುರುತಿನವರು ಒಬ್ಬರೂ ಇಲ್ಲ. ಊಟಕ್ಕೆಂತ ಮಾಡ್ತೀರಿ ಎಂದು ಕೇಳುವವರಿಲ್ಲ.

ಬಸ್ಸು, ರೈಲು, ಮತ್ತೊಂದು ರೈಲು. ಒಬ್ಬನೇ ಇಷ್ಟು ದೂರ ಹೋಗಿದ್ದು ಇದೇ ಮೊದಲು. ಅಲ್ಲಿ ಇಳಿದಾಗ ಬೆಳಗಿನ ಚಳಿ. ಮಲೆನಾಡಿನವನಿಗೆ ಚಳಿಯೇ ಎಂದು ಸ್ವೆಟರ್ ಬಿಟ್ಟು ಹೋಗಿದ್ದೆ. ಹಲ್ಲು ಕಟಕಟ.

ಚಪ್ಪಲಿ ಕೊಟ್ಟೆ. ತಲೆಗೆ ಕೇಸರಿ ಬಟ್ಟೆ ಕಟ್ಟಿಕೊಂಡೆ. ಬಾಗಿಲಿನ ಬಳಿ ಹರಿಯುವ ನೀರಿನಲ್ಲಿ ಕಾಲು ತೊಯ್ಯಿಸಿಕೊಂಡು ಒಳಗಿಳಿದೆ. ಟಿವಿಯಲ್ಲಿ ದಿನಾ ನೋಡಿದ್ದೇ. ಆದರೆ ಟಿವಿಯಲ್ಲಿ ಕಾಲಡಿಯ ಕಲ್ಲು ತಣ್ಣಗಿರುವುದಿಲ್ಲ. ಕೊಳದ ಸುತ್ತ ನಡೆದೆ. ಅದೇ ಕೀರ್ತನೆ. ಅದರ ಜೊತೆ ನನಗೆ ಒಗ್ಗರಣೆಯ ಚಟಪಟವೂ ಕೇಳಬೇಕಿತ್ತು. ಕೇಳಲಿಲ್ಲ. ಒಂದು ಕಂಬದ ಹತ್ತಿರ ಬಹಳ ಹೊತ್ತು ಕೂತೆ. ಯಾರೂ ಏನೂ ಕೇಳಲಿಲ್ಲ. ಅಳುವವನನ್ನು ಅವನಷ್ಟಕ್ಕೆ ಬಿಡುವುದು ಅಲ್ಲಿನವರಿಗೆ ಗೊತ್ತಿದೆ ಎಂದುಕೊಂಡೆ.

ಆಮೇಲೆ ಹಸಿವಾಯಿತು. ಸುಳ್ಳಲ್ಲ, ತಿಂಗಳುಗಳ ನಂತರ ಹಸಿವು ಎಂಬುದು ತಾನಾಗಿ ಬಂತು.

ಲಂಗರಿನ ಬಾಗಿಲಲ್ಲಿ ಸ್ಟೀಲಿನ ತಟ್ಟೆ ಕೈಗೆ ಕೊಟ್ಟರು. ಉದ್ದದ ಚಾಪೆಯ ಮೇಲೆ ಸಾಲಾಗಿ ಕೂತೆವು. ಪಂಕ್ತಿ! ಎಷ್ಟು ಕಾಲವಾಗಿತ್ತು ನಾನು ಪಂಕ್ತಿಯಲ್ಲಿ ಕೂತು. ನನ್ನ ಪಕ್ಕದಲ್ಲಿ ನೀಲಿ ಪೇಟದ ಒಬ್ಬ ಹಿರಿಯ ಸರ್ದಾರ್ಜಿ.

ಬಕೆಟ್ಟಿನಲ್ಲಿ ದಾಲ್ ಬಂತು. ನನ್ನ ಕೈ ತಾನಾಗಿಯೇ ತಟ್ಟೆಗೆ ಅಡ್ಡ ಹೋಯಿತು. "ಬಸ್, ಬಸ್", ಸಾಕು ಸಾಕು ಎಂದೆ. ಇನ್ನೂ ಒಂದು ಹನಿ ಬಿದ್ದಿರಲಿಲ್ಲ!

ಬಡಿಸುವವನು ತಲೆಬಾಗಿಸಿ ಮುಂದೆ ಹೋದ.

ಹೋದನೇ? ಹೋಗೇ ಬಿಟ್ಟ. ನಾನು ಕೈ ಸರಿಸುವಷ್ಟರಲ್ಲಿ ಅವನು ನಾಲ್ಕು ತಟ್ಟೆ ದಾಟಿದ್ದ. ಪಲ್ಯ ಬಂತು. ಕೈ ಮತ್ತೆ ಅಡ್ಡ. ಹೋಯಿತು. ಖೀರು ಬಂತು. ಈ ಸಲ ಹಾಗೆ ಮಾಡಬಾರದು ಎಂದುಕೊಂಡೇ ಇದ್ದೆ. ಆದರೆ ಐವತ್ತು ವರ್ಷ ದಾಟಿದ ಕೈಗೆ ಯಜಮಾನ ನಾನಲ್ಲ. ಖೀರೂ ಹೋಯಿತು.

ರೊಟ್ಟಿ ಬಂತು. ಈಗ ಬುದ್ಧಿ ಬಂದಿತ್ತು, ತಟ್ಟೆಯನ್ನು ಮುಂದೆ ನೂಕಿದೆ. ಬಡಿಸುವವನು ಹಾಕಲಿಲ್ಲ. ರೊಟ್ಟಿ ಹಿಡಿದು ನಿಂತ. ನಾನು ತಟ್ಟೆ ತೋರಿಸಿದೆ. ಅವನು ನನ್ನ ಕೈ ತೋರಿಸಿದ. ನನಗೆ ತಿಳಿಯಲಿಲ್ಲ. ಮುಂದಿನ ತಟ್ಟೆಯವರು ಕಾಯುತ್ತಿದ್ದರು, ಅವನು ಮುಂದೆ ಹೋದ.

ಹೀಗೆ ಖಾಲಿ ತಟ್ಟೆಯ ಮುಂದೆ ಕೂತೆ. ಶೃಂಗೇರಿಯಲ್ಲಿ ಊಟಕ್ಕೆ ಕೂತಾಗ ಹೀಗಾಗಲಿಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಬಡಿಸುವವರೂ ನಮ್ಮವರೇ ಸ್ವಾಮಿ. ನಮ್ಮ ಕೈ ನೋಡಿಯೇ ಹೊಟ್ಟೆ ಓದುತ್ತಾರೆ.

ಸರ್ದಾರ್ಜಿ ನನ್ನ ತಟ್ಟೆ ನೋಡಿದರು, ಮುಖ ನೋಡಿದರು. ವ್ರತವೇ ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲ ಎಂದೆ. ಮೈ ಹುಷಾರಿಲ್ಲವೇ? ಹುಷಾರಿದೆ. ಹಾಗಾದರೆ ಹಸಿವಿಲ್ಲವೇ?

"ಹೈ," ಎಂದೆ. "ಬಹುತ್ ಹೈ."

ಅವರು ಬೆರಗಾಗಿ ನೋಡಿದರು. ಹಸಿವಿದೆ, ಊಟವಿದೆ, ತಟ್ಟೆಯಿದೆ, ಆದರೂ ಇವನು ಉಣ್ಣುತ್ತಿಲ್ಲ. ಅವರಿಗೆ ನಾನು ಏನೆಂದು ವಿವರಿಸಲಿ? ಅಂಗಡಿಯಲ್ಲಿ ಕಲಿತ ನನ್ನ ಹಿಂದಿಯಲ್ಲಿ ವೋಲ್ಟೇಜ್ ಬಗ್ಗೆ ಹೇಳಬಹುದು. ನಮ್ಮೂರಲ್ಲಿ ಬೇಡ ಎಂದವರಿಗೇ ಬಡಿಸುವುದು, ನನಗೆ ಹಾಗೆ ಬಡಿಸುತ್ತಿದ್ದವಳು ಈಗಿಲ್ಲ, ಇದನ್ನೆಲ್ಲ ಹೇಳಲು ನನ್ನ ಬಳಿ ಹಿಂದಿ ಇರಲಿಲ್ಲ. ಕನ್ನಡವೂ ಇರಲಿಲ್ಲ ಅನ್ನಿ.

ಸರ್ದಾರ್ಜಿ ತಮ್ಮ ಎರಡೂ ಕೈಗಳನ್ನು ಜೋಡಿಸಿ ಬೊಗಸೆ ಮಾಡಿ ತೋರಿಸಿದರು. ಇಲ್ಲಿ ರೊಟ್ಟಿ ತಟ್ಟೆಗಲ್ಲ, ಕೈಗೆ. ಹೀಗೆ ಹಿಡಿ. ಆಮೇಲೆ ನಗುತ್ತಾ ಒಂದೇ ಮಾತು. "ಮಾಂಗೋ." ಬೇಡು, ಕೇಳು. ಕೇಳಿದರೆ ಕೊಡುತ್ತಾರೆ.

ರೊಟ್ಟಿಯವನು ಮತ್ತೆ ಬರುತ್ತಿದ್ದ. ನಾನು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡೆ, ಮತ್ತೆ ಮಡಿಲಲ್ಲಿಟ್ಟುಕೊಂಡೆ. ನಗಬೇಡಿ. ಎಡಗೈಯಲ್ಲಿ ಅನ್ನ ಮುಟ್ಟಬಾರದು ಎಂದು ಕಲಿತವನು ನಾನು. ಎರಡೂ ಕೈ ಚಾಚಿ ಬೇಡುವುದು ಎಂದರೆ ನಮ್ಮಲ್ಲಿ ಯಾವ ಲೆಕ್ಕ ನಿಮಗೆ ಗೊತ್ತಲ್ಲ. ಅವನು ಎದುರು ನಿಂತ. ನಾನು ಬೊಗಸೆ ಒಡ್ಡಿದೆ. ಬಾಯಿ ಬಿಟ್ಟು "ದೀಜಿಯೇ", ಕೊಡಿ ಎಂದೆ.

ಬಿಸಿ ರೊಟ್ಟಿ ಅಂಗೈಗೆ ಬಿತ್ತು.

ವಿಮಲಳ ಕೈಯನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ, ಅದು ಪೂರ್ತಿ ತಣ್ಣಗಾಗುವವರೆಗೆ. ಅಂದಿನಿಂದ ನನ್ನ ಎರಡು ಕೈಗೂ ಒಟ್ಟಿಗೆ ಬಿಸಿಯಾದದ್ದು ಏನೂ ಬಂದಿರಲಿಲ್ಲ. (ಚಹಾ ಲೋಟ ಹಿಡಿಯಲಿಲ್ಲವೇ ಎಂದು ಕೇಳಬೇಡಿ. ಚಹಾ ಬೇರೆ.) ರೊಟ್ಟಿ ಹಿಡಿದು ಹಾಗೆಯೇ ಕೂತೆ. ಸರ್ದಾರ್ಜಿ ಮೊಣಕೈಯಿಂದ ಮೆಲ್ಲಗೆ ತಿವಿದರು. ತಣ್ಣಗಾಗುತ್ತದೆ, ತಿನ್ನು.

ದಾಲ್ ಬಂತು. ಕೇಳಿದೆ. ಖೀರು ಬಂತು. ಕೇಳಿದೆ. ಇನ್ನೊಮ್ಮೆ ಕೇಳಿದೆ. ರೊಟ್ಟಿ ಎಷ್ಟು ತಿಂದೆ ಎಂದು ಹೇಳುವುದಿಲ್ಲ. ನಮ್ಮೂರಿನ ಯಾವುದಾದರೂ ಮದುವೆಯಲ್ಲಿ ಹಾಗೆ ಉಂಡಿದ್ದರೆ ನನ್ನ ಹೆಸರಿನ ಹಿಂದೆ ಒಂದು ಅಡ್ಡಹೆಸರು ಅಂಟಿಕೊಳ್ಳುತ್ತಿತ್ತು.

ಆ ದಿನ ನನ್ನ ಕೈ ನೋಡಿ ಸುಮ್ಮನೆ ಮುಂದೆ ಹೋದ ಬಡಿಸುವವನಿಗೆ ನಾನು ಋಣಿ. ಅವನು ಒತ್ತಾಯ ಮಾಡಿ ಹಾಕಿದ್ದರೆ ಉಂಡು ಎದ್ದು ಬರುತ್ತಿದ್ದೆ, ಅಷ್ಟೇ. ಸರ್ದಾರ್ಜಿಗೆ ಋಣಿ. ಹೆಸರು ಕೂಡ ಕೇಳಲಿಲ್ಲ. ಡಬ್ಬಿ ಹೊತ್ತು ತಂದು ವಾಪಸು ಒಯ್ದ ನಮ್ಮ ಬೀದಿಯವರಿಗೆ ಈ ಅಂಕಣದ ಮೂಲಕವೇ ಕೈ ಮುಗಿಯುತ್ತೇನೆ. ಇಷ್ಟು ವರ್ಷ ನನ್ನ ಒಂದು ಬೇಡವನ್ನೂ ನಂಬದೆ ಬಡಿಸಿದವಳಿಗೆ ಏನೆಂದು ಹೇಳಲಿ? ನನಗೆ ಕೇಳುವ ಕಷ್ಟವೇ ಬಾರದಂತೆ ನೋಡಿಕೊಂಡಿದ್ದಳು. ಅದಕ್ಕೇ ನನಗೆ ಕೇಳಲು ಬರಲಿಲ್ಲ.

ಹೊರಗೆ ಬಂದು ಕೊಳದ ಪಕ್ಕ ಬಿಸಿಲಿಗೆ ಕೂತು ಸುಶೀಲಳಿಗೆ ಫೋನು ಮಾಡಿದೆ.

"ಸುಶೀ, ಶನಿವಾರ ನಿಮ್ಮನೆಗೆ ಊಟಕ್ಕೆ ಬರ್ತೀನಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು.

"ಕೇಳ್ತಾ?"

"ಅಣ್ಣಾ, ಹುಷಾರಿದೀಯಾ? ಪಕ್ಕದಲ್ಲಿ ಯಾರಾದ್ರೂ ಇದಾರಾ? ಅವ್ರಿಗೆ ಫೋನ್ ಕೊಡು."

"ಎಂತ ಆಗ್ಲಿಲ್ಲ ಮಾರಾಯ್ತಿ. ಬರಬೇಕು ಅನ್ನಿಸ್ತು. ಭಾನುವಾರಾನೂ ಇರ್ತೀನಿ."

ಅವಳು ಮೂಗು ಎಳೆದದ್ದು ಕೇಳಿಸಿತು. ನನಗೆ ಇನ್ನಷ್ಟು ಧೈರ್ಯ ಬಂತು. "ಪತ್ರೊಡೆ ಮಾಡ್ತೀಯಾ? ತಿನ್ನಬೇಕು ಅನ್ನಿಸ್ತಿದೆ," ಎಂದೆ. ಬಾಯಿ ಬಿಟ್ಟು ಇಂಥದ್ದು ಬೇಕು ಎಂದು ನಾನು ಕೇಳಿದ್ದು ಬಹುಶಃ ಹುಟ್ಟಿದ ಮೇಲೆ ಮೊದಲ ಸಲ.

"ಪತ್ರೊಡೆಯಾ?" ತಂಗಿಯ ದನಿ ಪಕ್ಕನೆ ಹಳೆಯ ದನಿಯಾಯಿತು. "ಈ ಬಿಸಿಲಲ್ಲಿ ಕೆಸುವಿನ ಸೊಪ್ಪು ನಿನ್ನ ಅಂಗಡೀಲಿ ಬೆಳೀತದಾ? ಮಳೆಗಾಲದಲ್ಲಿ ಕರೆದಾಗ ಬರೋಕೆ ಎಂತ ಆಗಿತ್ತು ರೋಗ? ಪತ್ರೊಡೆ ಇಲ್ಲ, ಎಂತದೂ ಇಲ್ಲ. ಇದ್ದದ್ದು ಉಣ್ಣು."

ನೀರಿನ ಮೇಲೆ ಬಂಗಾರದ ಗುಡಿ ಅಲುಗಾಡುತ್ತಿತ್ತು. ನಾನು ನಗುತ್ತಿದ್ದೆ.

ಕೇಳಿ, "ಇಲ್ಲ" ಎನ್ನಿಸಿಕೊಂಡರೂ ಹೊಟ್ಟೆ ಇಷ್ಟು ತುಂಬುತ್ತದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ?