ಬಿಸಿಲಿಗಿಟ್ಟ ಸೆಲ್ಲು

ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದ ನಾನು ಧಾರವಾಡದಲ್ಲಿ ರಿಸರ್ಚ್‌ಗೆ ಸೇರಿದ್ದೆ. ಪಾಲಕ್ ಎಲೆಯ ಹಸಿರನ್ನು ಬಸಿದು, ಗಾಜಿನ ಮೇಲೆ ಎರಡು ಲೋಹದ ಪದರಗಳ ನಡುವೆ ತೆಳ್ಳಗೆ ಸವರಿದರೆ ಬೆಳಕಿನಿಂದ ಕರೆಂಟು ಬಂದೀತೇ ಎಂಬುದೇ ನನ್ನ ಹುಚ್ಚು. ಒಂದೇ ಒಂದು ಗಾಜು ಮೀಟರಿನ ಮುಳ್ಳನ್ನು ಅಲುಗಿಸಿತ್ತು.

"ರಜೆ ಮುಗಿಯೋವರೆಗೂ ಅದು ಉಳಿದ್ರೆ ಈ ಟಾಪಿಕ್. ಇಲ್ದಿದ್ರೆ ಎಲ್ಲರ ಹಾಗೆ ಸಿಲಿಕಾನ್ ಸೆಲ್‌ಗೆ ಬಾ," ಎಂದಿದ್ದರು ಗೈಡ್.

ಯಾರ ಮೇಲೂ ಭರವಸೆಯಿಲ್ಲದೆ ಗಾಜು, ಮೀಟರು ಎರಡನ್ನೂ ಬೈಲಹೊಂಗಲದ ಮನೆಗೇ ತಂದೆ. ಬೆಳಕು ತಾಕಿದರೆ ಹಸಿರು ಸಾಯುತ್ತದೆಂದು ಕಪ್ಪು ಕಾಗದ ಸುತ್ತಿ ಟ್ರಂಕಿನಲ್ಲಿಟ್ಟೆ. ರೊಟ್ಟಿ ಮುರಿಯುತ್ತ ಮುರಿಯುತ್ತ ಎದ್ದು ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು.

"ಟ್ರಂಕಿನಾಗ ಏನ್ ಹಡದಿಟ್ಟಿಯವಾ? ಕುಂತಲ್ಲೆ ಕುಂದ್ರವಲ್ಲಿ," ಎಂದಳು ದೊಡ್ಡವ್ವ.

"ಸೆಲ್ ದೊಡ್ಡವ್ವಾ. ಬಿಸಲಿನಿಂದ ಕರೆಂಟ್ ಮಾಡತೈತಿ."

"ಬಿಸಲಿನ ಸೆಲ್ಲು ಕತ್ತಲದಾಗ? ಭಾಳ ಶಾಣ್ಯಾಕಿ ಬಿಡು!"

ಒಂದು ದಿನ ಗೆಳತಿಯನ್ನು ಕಾಣಲು ಮುನವಳ್ಳಿಗೆ ಹೋದೆ. ಅಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಬಸ್ ಹಿಡಿದೆ. ಮನೆಯಲ್ಲಿ ಟ್ರಂಕು ಬಾಯಿ ತೆರೆದಿತ್ತು.

ನಮ್ಮ ಕಡೆ ಬ್ಯಾಟರಿಯ, ಅಂದರೆ ಟಾರ್ಚಿನ, ಸೆಲ್ಲು ಮಂಕಾದರೆ ಎಸೆಯುವುದಿಲ್ಲ, ಬಿಸಿಲಿಗೆ ಇಡುತ್ತಾರೆ. ಇನ್ನೊಂದಿಷ್ಟು ದಿನ ದೀಪ ಹತ್ತುತ್ತದೆ. ಮಾಳಿಗೆ ಹತ್ತಿದರೆ, ಸಂಡಿಗೆಯ ಪಕ್ಕ ಮನೆಯ ಹಳೇ ಸೆಲ್ಲುಗಳ ಸಾಲು, ಅವುಗಳ ಜೊತೆ ನನ್ನ ಗಾಜು! ಕಪ್ಪು ಕಾಗದ ಕಲ್ಲಿನ ಕೆಳಗೆ ನೀಟಾಗಿ ಮಡಚಿಟ್ಟಿತ್ತು. ಹಸಿರು ಹೋಗಿ ಒಣ ಮೇವಿನ ಬಣ್ಣ ಬಂದಿತ್ತು.

"ನಿನ್ನ ಸೆಲ್ಲಿಗೂ ಜೀವ ಬರ್ಲಿ ಅಂತ ಇಟ್ಟೇನಿ. ನಮ್ಮವು ನೋಡ, ಹೆಂಗ ಹತ್ತತಾವ!" ದೊಡ್ಡವ್ವ ಬ್ಯಾಟರಿಯನ್ನು ನನ್ನ ಮುಖಕ್ಕೇ ಹಿಡಿದಳು.

ತಂತಿ ಜೋಡಿಸಿದೆ. ಮುಳ್ಳು ಮಿಸುಕಲಿಲ್ಲ. ಬಾಯಿಗೆ ಬಂದದ್ದೆಲ್ಲ ಇಂಗ್ಲಿಷಿನಲ್ಲಿ ಒದರಿದೆ.

"ಕನ್ನಡದಾಗ ಬೈಯಿ, ನನಗೂ ತಿಳೀಲಿ," ಎಂದಳು. ಆಮೇಲೆ ಮೆಲ್ಲಗೆ, "ಹೋತೇನ?"

ಉಳಿದ ರಜೆ ಬಿಟ್ಟು ಧಾರವಾಡಕ್ಕೆ ಮರಳಿದೆ. ನಡೆದದ್ದನ್ನು ಕೇಳಿ ಗೈಡ್ ಮೊದಲು ನಕ್ಕರು. "ಕೊನೆಗೆ ಅದನ್ನ ಬಿಸಿಲಿಗೇ ಇಡಬೇಕಲ್ಲಮ್ಮ? ನಿಮ್ಮ ದೊಡ್ಡವ್ವ ಮಾಡಿದ್ದೇ ಟೆಸ್ಟು."

"ಅದು ಯಾಕೆ ಸಾಯುತ್ತೆ ಅನ್ನೋದನ್ನೇ ನೋಡ್ತೀನಿ, ಸರ್. ಪ್ಲೀಸ್."

"ಸಿಲಿಕಾನ್," ಎಂದರು.

ಸಿಲಿಕಾನೇ ಮಾಡಿದೆ. ಅದಕ್ಕೆ ಬಿಸಿಲಿನ ಹೆದರಿಕೆಯಿಲ್ಲ, ನನಗೂ ಅದರ ಚಿಂತೆಯಿರಲಿಲ್ಲ. ಯಾವತ್ತೂ ಊಟದ ನಡುವೆ ಎದ್ದು ನೋಡಲಿಲ್ಲ. ಈಗ ಪೇಪರಿನಲ್ಲಿ, ನನ್ನ ಹಸಿರಿನ ಜಾತಿಯದೇ ಆದ ಪ್ಲಾಸ್ಟಿಕ್ ಸೋಲಾರ್ ಸೆಲ್ಲಿನ ಸುದ್ದಿ ಕಂಡರೆ, ಕರೆಂಟು ಎಷ್ಟೆಂಬುದನ್ನು ಹಾರಿಸಿ, ಬಿಸಿಲಲ್ಲಿ ಎಷ್ಟು ದಿನ ಬಾಳಿತೆಂದು ಹುಡುಕುತ್ತೇನೆ. ಅದನ್ನು ಮಾತ್ರ ಅವರು ಬರೆದಿರುವುದಿಲ್ಲ.